ಕಾವಲುಗಾರನಿಗೂ ವಯಸ್ಸಾಗುತ್ತದೆ

2024ರ ಜುಲೈ ತಿಂಗಳು. ಹೊರಗೆ ಜಡಿಮಳೆ. ತರೀಕೆರೆಯಿಂದ ಭಾಭಿ ಫೋನ್ ಮಾಡಿದ್ದರು. "ಅಮ್ಮ ನಿನ್ನೆಯಿಂದ ಸರಿಯಾಗಿ ಊಟ ಮಾಡ್ತಿಲ್ಲ. ಮಗ್ರಿಬ್ ನಮಾಝ್ ಮುಗಿಸಿ ಮುಸಲ್ಲಾ ಮಡಚಿಟ್ಟ ಮೇಲೂ 'ಅಝಾನ್ ಆಯ್ತಾ' ಅಂತ ಎರಡು ಸಲ ಕೇಳಿದರು. ಜ್ವರ ನೋಡಿದೆ, ಏನೂ ಇಲ್ಲ. ವಯಸ್ಸಾಯ್ತಲ್ಲ, ಮರೆವು ಶುರುವಾಗಿರಬೇಕು" ಎಂದರು. ಕಡೂರಿನಲ್ಲಿ ಕುಳಿತಿದ್ದ ನಾನೂ ಹಾಗೆಯೇ ಅಂದುಕೊಂಡೆ. ಗಂಜಿ ಮಾಡಿಕೊಡಿ, ಮಲಗಲಿ ಎಂದು ಹೇಳಿ ಫೋನ್ ಇಟ್ಟುಬಿಟ್ಟೆ.

ಮರುದಿನ ಫಜ್ರ್ ನಮಾಝಿಗೆ ಎದ್ದ ಖಾಲಾ ಬಚ್ಚಲುಮನೆಯ ಬಾಗಿಲಲ್ಲಿ ಕುಸಿದು ಕುಳಿತರು. ಹತ್ತಿರದ ಕ್ಲಿನಿಕ್ಕಿನಲ್ಲಿ ಸೊಂಟನೋವಿಗೆಂದು ಒಂದು ಇಂಜೆಕ್ಷನ್ ಕೊಟ್ಟು ಕಳುಹಿಸಿದರು. ಸಂಜೆಯ ಹೊತ್ತಿಗೆ ರಕ್ತದೊತ್ತಡ ಇಳಿದು ಕೈಕಾಲು ತಣ್ಣಗಾಗಿತ್ತು. ದೊಡ್ಡ ಆಸ್ಪತ್ರೆಗೆ ಸೇರಿಸಿದಾಗ ತಿಳಿದದ್ದು: ಮೂತ್ರದ ಸೋಂಕು ರಕ್ತಕ್ಕೆ ಇಳಿದಿದೆ. ಆಗಲೂ ಥರ್ಮಾಮೀಟರ್ ತೋರಿಸುತ್ತಿದ್ದುದು 98.8 ಡಿಗ್ರಿ!

"ನೀವು ಜ್ವರ ಬರಲಿ ಅಂತ ಕಾಯ್ತಾ ಇದ್ರಿ. ಇವರ ಮೈಯಲ್ಲಿ ಜ್ವರ ಬರಿಸಬೇಕಾದ ಕಾವಲುಗಾರನೇ ತೂಕಡಿಸ್ತಿದ್ದಾನೆ. ಅರ್ಧ ಮಾತ್ರೆಯಿಂದ, ಅರ್ಧ ವಯಸ್ಸಿನಿಂದ" ಎಂದರು ಅಲ್ಲಿಯ ವೈದ್ಯರು.

ಈ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಏಕೆಂದರೆ ಖಾಲಾ ಎಲ್ಲರಂತಹ ಅಜ್ಜಿಯಲ್ಲ. ಅವರ ಹೊಟ್ಟೆಯ ಬಲಭಾಗದಲ್ಲಿ, ಕೆಳಗಡೆ, ಅವರ ತಮ್ಮನ ಕಿಡ್ನಿಯಿದೆ. 2003ರಲ್ಲಿ ಅದನ್ನು ಕಸಿ ಮಾಡಿದಾಗ ಖಾಲಾಗೆ 46 ವರ್ಷ, ಮಾಮುವಿಗೆ 38. ಮಾಮು ಅಜ್ಜಂಪುರದವರು, ಈರುಳ್ಳಿ ಬೆಳೆಯುವವರು. ಕಿಡ್ನಿ ಕೊಟ್ಟ ಮೇಲೂ ಗೋಣಿಚೀಲ ಹೊತ್ತವರು. ನಮ್ಮ ದೇಶದಲ್ಲಿ ಬದುಕಿದ್ದಾಗಲೇ ಅಂಗ ಕೊಡುವವರಲ್ಲಿ ಹೆಂಗಸರೇ ಹೆಚ್ಚು, ಪಡೆಯುವವರಲ್ಲಿ ಗಂಡಸರೇ ಹೆಚ್ಚು. ತಾಯಿ ಕೊಡುತ್ತಾಳೆ, ಹೆಂಡತಿ ಕೊಡುತ್ತಾಳೆ, ಅಕ್ಕ ಕೊಡುತ್ತಾಳೆ. ನಮ್ಮ ಮನೆಯಲ್ಲಿ ಅದು ತಿರುಗಿತ್ತು. ಅಕ್ಕನಿಗಾಗಿ ತಮ್ಮ ಮಲಗಿದ. ಆ ಒಂದು ಕಾರಣಕ್ಕೆ ಮಾಮು ಎಷ್ಟು ಸಿಡುಕಿದರೂ ನಮ್ಮ ಮನೆಯ ಹೆಂಗಸರು ಅವರಿಗೆ ಎದುರಾಡುವುದಿಲ್ಲ.

ಕಸಿಯ ಬಗ್ಗೆ ನಮ್ಮಲ್ಲಿ ಬರುವ ಲೇಖನಗಳೆಲ್ಲ ಶಸ್ತ್ರಚಿಕಿತ್ಸೆಯ ದಿನಕ್ಕೆ ಮುಗಿದುಬಿಡುತ್ತವೆ. ಅಂಗ ಪಡೆದವರು ಅದರ ಜೊತೆಯಲ್ಲೇ ಮುದುಕರಾದರೆ ಏನಾಗುತ್ತದೆ ಎಂಬುದನ್ನು ಯಾರೂ ಹೇಳುವುದಿಲ್ಲ. ಹೇಳದಿರುವುದಕ್ಕೂ ಕಾರಣವಿದೆ. ಜಗತ್ತಿನ ಮೊದಲ ಯಶಸ್ವಿ ಕಿಡ್ನಿ ಕಸಿ ನಡೆದದ್ದು 1954ರ ಡಿಸೆಂಬರಿನಲ್ಲಿ, ಅಮೆರಿಕದ ಬಾಸ್ಟನ್ನಿನಲ್ಲಿ, ಅವಳಿ ಸಹೋದರರ ನಡುವೆ. ನಮ್ಮ ದೇಶದಲ್ಲಿ ಅದು ಯಶಸ್ವಿಯಾದದ್ದು 1971ರಲ್ಲಿ, ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ. ಆ ಕಾಲದಲ್ಲಿ ಅಂಗ ಪಡೆದವರು ಕೆಲವು ವರ್ಷ ಬದುಕಿದರೇ ದೊಡ್ಡದು. ಇಪ್ಪತ್ತು, ಇಪ್ಪತ್ತೈದು ವರ್ಷ ಕಳೆದು ಮೊಮ್ಮಕ್ಕಳನ್ನು ಎತ್ತಿ ಆಡಿಸುವ ತಲೆಮಾರು ನಮ್ಮಂಥ ಊರುಗಳಲ್ಲಿ ಈಗಷ್ಟೇ ಕಾಣುತ್ತಿದೆ. ಜೊತೆಗೆ ವಯಸ್ಸಾದ ಮೇಲೆ ಕಸಿ ಮಾಡಿಸಿಕೊಳ್ಳುವವರೂ ಹೆಚ್ಚುತ್ತಿದ್ದಾರೆ. ಮೃತರಿಂದ ಬರುವ ಅಂಗಕ್ಕೆ ಹೆಸರು ನೋಂದಾಯಿಸಲು ಇದ್ದ 65 ವರ್ಷದ ಮಿತಿಯನ್ನು ಕೇಂದ್ರ ಸರ್ಕಾರ 2023ರಲ್ಲಿ ತೆಗೆದುಹಾಕಿತು.

ಎದೆಯ ಹಿಂದಿನ ಮದರಸ

ನಮ್ಮ ದೇಹದ ಕಾವಲು ಕಾಯುವುದು ಬಿಳಿ ರಕ್ತಕಣಗಳು. ಅವುಗಳಲ್ಲಿ ಟಿ ಕಣ ಎಂಬ ಒಂದು ಪಂಗಡವಿದೆ. ಇದು ನನ್ನದು, ಅದು ಪರರದು ಎಂದು ಗುರುತಿಸುವ ಕೆಲಸ ಅದರದು. ಈ ಕಣಗಳು ಹುಟ್ಟುವುದು ಮೂಳೆಯ ಮಜ್ಜೆಯಲ್ಲಿ, ಪಾಠ ಕಲಿಯುವುದು ಎದೆಮೂಳೆಯ ಹಿಂದೆ, ಹೃದಯದ ಮೇಲ್ಭಾಗದಲ್ಲಿರುವ ಥೈಮಸ್ ಎಂಬ ಗ್ರಂಥಿಯಲ್ಲಿ. ಅದನ್ನು ಒಂದು ಮದರಸವೆಂದೇ ತಿಳಿಯಿರಿ. ಅಲ್ಲಿ ಓದಿ ಪಾಸಾದ ಕಣಗಳು ಮಾತ್ರ ಹೊರಬಂದು ಕೆಲಸಕ್ಕೆ ಸೇರುತ್ತವೆ.

ವಿಚಿತ್ರವೆಂದರೆ ಈ ಮದರಸ ನಮ್ಮ ಹದಿಹರೆಯದಿಂದಲೇ ಮುಚ್ಚುತ್ತಾ ಬರುತ್ತದೆ. ಗ್ರಂಥಿ ಕುಗ್ಗುತ್ತದೆ, ಆ ಜಾಗದಲ್ಲಿ ಕೊಬ್ಬು ತುಂಬುತ್ತದೆ. ಅರವತ್ತು ದಾಟಿದವರಲ್ಲಿ ಹೊಸ ವಿದ್ಯಾರ್ಥಿಗಳು ಬಹಳ ಕಡಿಮೆ. ಇರುವವರೆಲ್ಲ ಹಳಬರು. ಬಾಲ್ಯದಲ್ಲಿ ಬಂದ ದಡಾರ, ಸಿಡುಬುಗಳನ್ನು ಅವರು ಚೆನ್ನಾಗಿ ಬಲ್ಲರು. ಆದರೆ ಹೊಸ ಶತ್ರು ಬಂದರೆ ಗುರುತು ಹಿಡಿಯಲು ಹೊತ್ತು ಬೇಕು. ಕೊರೋನ ಬಂದಾಗ ಹಿರಿಯರೇ ಹೆಚ್ಚು ಬಲಿಯಾದದ್ದಕ್ಕೆ ಇದೂ ಒಂದು ಕಾರಣ. ಲಸಿಕೆ ಹಾಕಿದರೂ ಅವರ ದೇಹ ಎಳೆಯರಷ್ಟು ಬಲವಾಗಿ ಉತ್ತರ ಕೊಡುವುದಿಲ್ಲ.

ಇನ್ನೊಂದು ಸಂಗತಿ. ವಯಸ್ಸಾದ ದೇಹದಲ್ಲಿ ಸಣ್ಣ ಉರಿಯೂತ ಸದಾ ಇದ್ದೇ ಇರುತ್ತದೆ, ಬೂದಿ ಮುಚ್ಚಿದ ಕೆಂಡದಂತೆ. ಬೇಕಾದಾಗ ಭಗ್ಗೆಂದು ಹೊತ್ತಿಕೊಳ್ಳುವುದಿಲ್ಲ, ಬೇಡವಾದಾಗ ಆರುವುದೂ ಇಲ್ಲ. ರಕ್ತನಾಳ, ಹೃದಯಗಳನ್ನು ಅದು ಒಳಗಿಂದೊಳಗೆ ಸುಡುತ್ತಿರುತ್ತದೆ. ಕಿಡ್ನಿ ಕೆಟ್ಟವರಲ್ಲಿ ಇದೆಲ್ಲ ಇನ್ನೂ ಬೇಗ. ರಕ್ತದಲ್ಲಿ ಕಲ್ಮಶ ಉಳಿದು, ಡಯಾಲಿಸಿಸ್‌ನಲ್ಲಿ ದಿನ ಕಳೆದವರ ರೋಗನಿರೋಧಕ ಶಕ್ತಿಗೆ ಅವರ ನಿಜವಾದ ವಯಸ್ಸಿಗಿಂತ ಹೆಚ್ಚು ವಯಸ್ಸಾಗಿರುತ್ತದೆ. ಹಾಗಾದರೆ ನಮ್ಮ ಖಾಲಾ 46ರಲ್ಲಿ ಆಪರೇಷನ್ ಟೇಬಲ್ ಹತ್ತಿದಾಗಲೇ ಅವರ ಕಾವಲುಗಾರನಿಗೆ ಬಹುಶಃ ತಲೆ ನರೆತಿತ್ತು!

ಲಾಭವೂ ಉಂಟು, ನಷ್ಟವೂ ಉಂಟು

ಕಸಿಯಾದ ಅಂಗ ದೇಹದ ಪಾಲಿಗೆ ಪರರದ್ದು. ಒಡಹುಟ್ಟಿದವರ ನಡುವೆ ಅಂಗಾಂಶ ಪೂರ್ಣವಾಗಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು ಮಾತ್ರ. ಹೊಂದಿದರೂ ಟಿ ಕಣಗಳು ಸುಮ್ಮನಿರುವುದಿಲ್ಲ. ಅವುಗಳನ್ನು ತಡೆಯಲೆಂದೇ ಜೀವನಪೂರ್ತಿ ಮಾತ್ರೆ. ಈ ಮಾತ್ರೆಗಳ ಹಿಂದೆ ಸೋಜಿಗದ ಕಥೆಯಿದೆ. ಸೈಕ್ಲೋಸ್ಪೋರಿನ್ ಸಿಕ್ಕಿದ್ದು ನಾರ್ವೆಯ ಮಣ್ಣಿನಲ್ಲಿದ್ದ ಒಂದು ಬೂಷ್ಟಿನಿಂದ. 1983ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ದೊರೆತ ಮೇಲೆ ಕಸಿಯ ಚರಿತ್ರೆಯೇ ಬದಲಾಯಿತು. ಇಂದು ಹೆಚ್ಚಿನವರು ತೆಗೆದುಕೊಳ್ಳುವ ಟ್ಯಾಕ್ರೋಲಿಮಸ್ ಜಪಾನಿನ ತ್ಸುಕುಬಾ ಎಂಬ ಊರಿನ ಮಣ್ಣಿನ ಸೂಕ್ಷ್ಮಾಣುವಿನಿಂದ ಬಂದದ್ದು. ಮಣ್ಣಿನಲ್ಲಿ ಅಲ್ಲಾಹನು ಏನೇನು ಅಡಗಿಸಿಟ್ಟಿದ್ದಾನೋ!

ಖಾಲಾಗೆ ಮೊದಲು ಕೊಟ್ಟಿದ್ದು ಸೈಕ್ಲೋಸ್ಪೋರಿನ್. ವಸಡು ಊದಿತು, ಕೆನ್ನೆ ಮೇಲೆ ರೋಮ ಬೆಳೆಯಿತು. ಆ ವರ್ಷ ಯಾವ ಮದುವೆಗೂ ಅವರು ಹೋಗಲಿಲ್ಲ. ಇದು ಆ ಔಷಧದ ಗೊತ್ತಿರುವ ಪರಿಣಾಮ, ವೈದ್ಯರಿಗೆ ಹೇಳಿದರೆ ಔಷಧ ಬದಲಾಯಿಸಬಹುದು ಎಂದು ತಿಳಿಯಲು ಎರಡು ವರ್ಷ ಹಿಡಿಯಿತು. ಹೇಳಲು ನಾಚಿಕೆ! ಹೆಂಗಸರ ಅರ್ಧ ಕಾಯಿಲೆ ಈ ನಾಚಿಕೆಯಲ್ಲೇ ಬೆಳೆಯುತ್ತದೆ.

ಈಗ ಮುಖ್ಯ ಮಾತಿಗೆ ಬರೋಣ. ವಯಸ್ಸಾದಂತೆ ಕಾವಲುಗಾರ ಮಂಕಾಗುವುದರಿಂದ ಕಸಿಯಾದ ಅಂಗವನ್ನು ದೇಹ ತಿರಸ್ಕರಿಸುವುದು ಕಡಿಮೆಯಾಗುತ್ತದೆ. ಎಳೆಯರಿಗಿಂತ ಹಿರಿಯರಲ್ಲಿ ತೀವ್ರ ತಿರಸ್ಕಾರದ ಪ್ರಕರಣಗಳು ಕಡಿಮೆಯೆಂದು ವೈದ್ಯರು ಬಹಳ ಹಿಂದೆಯೇ ಕಂಡುಕೊಂಡಿದ್ದಾರೆ. ಯುರೋಪಿನ ಕೆಲವು ದೇಶಗಳು 1999ರಿಂದ 65 ದಾಟಿದ ದಾನಿಗಳ ಕಿಡ್ನಿಯನ್ನು 65 ದಾಟಿದವರಿಗೇ ಕೊಡುವ ಏರ್ಪಾಡು ಮಾಡಿವೆ. ಹಳೆಯ ಅಂಗ ಎಳೆಯ ದೇಹದಲ್ಲಿ ಹೆಚ್ಚು ಜಗಳ ತೆಗೆಯುತ್ತದೆ, ಹಳೆಯ ದೇಹ ಅದನ್ನು ಸಹಿಸಿಕೊಳ್ಳುತ್ತದೆ ಎಂಬುದು ಅದರ ಹಿಂದಿನ ಒಂದು ಲೆಕ್ಕ. ಆದರೂ ಹಿರಿಯರಲ್ಲಿ ತಿರಸ್ಕಾರವೇ ಇಲ್ಲವೆಂದಲ್ಲ. ಅಪರೂಪಕ್ಕೆ ಬಂದರೆ ಹಳೆಯ ಕಿಡ್ನಿಗೆ ಚೇತರಿಸಿಕೊಳ್ಳುವ ತ್ರಾಣ ಕಡಿಮೆ.

ನಷ್ಟದ ಬದಿಯೇ ಭಾರವಾದದ್ದು. ಅಂಗವನ್ನು ಬಿಟ್ಟುಕೊಡುವ ಅದೇ ಮಂಕು ಕಾವಲುಗಾರ ರೋಗಾಣುವನ್ನೂ ಬಿಟ್ಟುಕೊಡುತ್ತಾನೆ, ಕ್ಯಾನ್ಸರ್ ಕಣವನ್ನೂ ಬಿಟ್ಟುಕೊಡುತ್ತಾನೆ. ಹಿರಿಯ ವಯಸ್ಸಿನಲ್ಲಿ ಕಸಿ ಪಡೆದವರಲ್ಲಿ ಅನೇಕರು ತೀರಿಕೊಳ್ಳುವುದು ಕಿಡ್ನಿ ಕೆಟ್ಟು ಅಲ್ಲ. ಕಿಡ್ನಿ ಚೆನ್ನಾಗಿ ಕೆಲಸ ಮಾಡುತ್ತಿರುವಾಗಲೇ ಸೋಂಕು, ಹೃದಯಾಘಾತ ಅಥವಾ ಕ್ಯಾನ್ಸರ್ ಅವರನ್ನು ಒಯ್ಯುತ್ತದೆ.

ಸದ್ದಿಲ್ಲದ ಕಾಯಿಲೆ

ನಮ್ಮ ಮನೆಗಳಲ್ಲಿ ಜ್ವರವೆಂದರೆ ಕೈಯ ಹಿಂಭಾಗ ಹಣೆಗಿಟ್ಟು ನೋಡುವುದು. ಬಿಸಿಯಿಲ್ಲವೆಂದರೆ ಕಾಯಿಲೆಯಿಲ್ಲ. ಕಸಿ ಪಡೆದ ಹಿರಿಯರ ವಿಷಯದಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಜ್ವರ ಬರಿಸುವುದು ರೋಗಾಣುವಲ್ಲ, ರೋಗಾಣುವಿನ ವಿರುದ್ಧ ಏಳುವ ನಮ್ಮದೇ ದೇಹ. ಪ್ರೆಡ್ನಿಸೋಲೋನ್‌ನಂತಹ ಸ್ಟೀರಾಯ್ಡ್ ಮಾತ್ರೆ ಆ ಏಳುವಿಕೆಯನ್ನು ಅಡಗಿಸುತ್ತದೆ, ವಯಸ್ಸು ಇನ್ನಷ್ಟು ಅಡಗಿಸುತ್ತದೆ. ಅಲ್ಲದೆ ಹಿರಿಯರ ಮೈಬಿಸಿ ಮೊದಲೇ ಸ್ವಲ್ಪ ಕಡಿಮೆ. ನಿತ್ಯ 97 ಇರುವವರಿಗೆ 99 ಎಂದರೆ ಎರಡು ಡಿಗ್ರಿ ಏರಿದಂತೆ. ಅದನ್ನು ಜ್ವರವೆಂದೇ ತಿಳಿಯಬೇಕು. ಆದ್ದರಿಂದ ಆರೋಗ್ಯವಾಗಿದ್ದಾಗಲೇ ವಾರಕ್ಕೆರಡು ಸಲ ಬಿಸಿ ನೋಡಿ ಬರೆದಿಟ್ಟುಕೊಂಡರೆ ಒಳ್ಳೆಯದು. ಭಾಭಿ ಈಗ ಗ್ಯಾಸ್ ಸಿಲಿಂಡರ್ ದಿನಾಂಕ ಬರೆಯುವ ಕ್ಯಾಲೆಂಡರಿನಲ್ಲೇ ಇದನ್ನೂ ಬರೆಯುತ್ತಾರೆ.

ಹಾಗಾದರೆ ಏನನ್ನು ನೋಡಬೇಕು? ಹಸಿವಿಲ್ಲದಿರುವುದು, ಎಂದೂ ಇಲ್ಲದ ಗಲಿಬಿಲಿ, ಹೊತ್ತು ಗೊತ್ತಾಗದಿರುವುದು, ಕಾರಣವಿಲ್ಲದೆ ಬೀಳುವುದು, ಇಡೀ ದಿನ ತೂಕಡಿಸುವುದು, ಮೂತ್ರ ಕಡಿಮೆಯಾಗುವುದು, ಕಸಿಯಾದ ಜಾಗದಲ್ಲಿ ನೋವು. ಉರಿಮೂತ್ರ ಇಲ್ಲದೆಯೂ ಮೂತ್ರದ ಸೋಂಕು ಇರಬಹುದು. ಕಿಡ್ನಿ ಕಸಿ ಪಡೆದ ವಯಸ್ಸಾದ ಹೆಂಗಸರನ್ನು ಅತಿ ಹೆಚ್ಚು ಕಾಡುವುದು ಅದೇ. "ವಯಸ್ಸಾಯ್ತಲ್ಲ" ಎಂದು ಭಾಭಿ ಹೇಳಿದ್ದನ್ನೂ ನಾನು ಒಪ್ಪಿದ್ದನ್ನೂ ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಮರೆವು ತಿಂಗಳುಗಟ್ಟಲೆ ನಿಧಾನವಾಗಿ ಬರುತ್ತದೆ. ಒಂದೆರಡು ದಿನದಲ್ಲಿ ಬಂದ ಗಲಿಬಿಲಿ ಮರೆವಲ್ಲ, ಅದು ಕಾಯಿಲೆ.

ನಮ್ಮ ದೇಶದಲ್ಲಿ ಕ್ಷಯವನ್ನಂತೂ ಮರೆಯುವಂತಿಲ್ಲ. ಎಳವೆಯಲ್ಲಿ ಮೈಗೆ ಸೇರಿ ಅಡಗಿ ಕುಳಿತ ಕ್ಷಯದ ರೋಗಾಣು ಕಾವಲು ಸಡಿಲವಾದಾಗ ಎದ್ದು ಬರುತ್ತದೆ. ಕೆಮ್ಮಿಲ್ಲದೆ ಬರೀ ತೂಕ ಇಳಿಯುವುದು, ರಾತ್ರಿ ಬೆವರುವುದು ಅದರ ಗುರುತಾಗಿರಬಹುದು. ಇಲ್ಲೊಂದು ತೊಡಕಿದೆ. ಕ್ಷಯದ ಮುಖ್ಯ ಔಷಧ ರಿಫಾಂಪಿಸಿನ್, ಟ್ಯಾಕ್ರೋಲಿಮಸ್ ಮಾತ್ರೆಯನ್ನು ದೇಹದಿಂದ ಬೇಗ ಹೊರದೂಡುತ್ತದೆ. ಊರಿನಲ್ಲೇ ಕ್ಷಯದ ಚಿಕಿತ್ಸೆ ಶುರುಮಾಡಿ ಕಸಿಯ ವೈದ್ಯರಿಗೆ ತಿಳಿಸದಿದ್ದರೆ ಕಿಡ್ನಿ ಕೈಬಿಟ್ಟುಹೋಗಬಹುದು. ಸರ್ಪಸುತ್ತೂ ಹೀಗೆಯೇ. ಬಾಲ್ಯದ ಸೀತಾಳೆ ಸಿಡುಬಿನ ವೈರಸ್ ನರದಲ್ಲಿ ಮಲಗಿದ್ದು ಮುಪ್ಪಿನಲ್ಲಿ ಏಳುತ್ತದೆ. ಶಾಸ್ತ್ರ ಮಾಡಿಸುತ್ತಾ ಕೂರದೆ ಗುಳ್ಳೆ ಕಂಡ ಮೂರು ದಿನದೊಳಗೆ ಔಷಧಿ ಶುರುಮಾಡಬೇಕು.

ಹೆಂಗಸರಿಗೆ ಇನ್ನೊಂದು ಮಾತು. ಗರ್ಭಕೊರಳಿನ ಕ್ಯಾನ್ಸರ್ ಬರುವ ಸಂಭವ ಕಸಿ ಪಡೆದ ಮಹಿಳೆಯರಲ್ಲಿ ಇತರರಿಗಿಂತ ಹೆಚ್ಚು. ಮುಟ್ಟು ನಿಂತು ವರ್ಷಗಳಾದ ಮೇಲೆ ಒಂದು ಹನಿ ರಕ್ತ ಕಂಡರೂ ಮುಚ್ಚಿಡಬಾರದು. ಲೇಡಿ ಡಾಕ್ಟರ್ ಬಳಿ ಪ್ಯಾಪ್ ಪರೀಕ್ಷೆ ಮಾಡಿಸಿಕೊಳ್ಳಲು ಐದು ನಿಮಿಷ ಸಾಕು.

ಶಕ್ತಿ ಹೆಚ್ಚಿಸುವ ಕಷಾಯ

ಕೊರೋನ ಕಾಲದಲ್ಲಿ ನಮ್ಮ ಮನೆಗೆ ಬಂದವರೆಲ್ಲ ಖಾಲಾಗೆ ಏನಾದರೂ ತಂದುಕೊಟ್ಟವರೇ. ಅಮೃತಬಳ್ಳಿ ಕಷಾಯ, ಕಲೋಂಜಿ ಎಣ್ಣೆ, ಯಾವುದೋ ಹಕೀಮರ ಮಾಜೂನು. "ರೋಗನಿರೋಧಕ ಶಕ್ತಿ ಹೆಚ್ಚುತ್ತೆ, ಕುಡಿಯಿರಿ ಆಪಾ." ಪಾಪ, ಅವರ ಪ್ರೀತಿಗೆ ಏನು ಹೇಳುವುದು? ಆದರೆ ಯೋಚಿಸಿ ನೋಡಿ. ಯಾವ ಶಕ್ತಿಯನ್ನು ಹತೋಟಿಯಲ್ಲಿಡಲು ತಿಂಗಳಿಗೆ ಸಾವಿರಾರು ರೂಪಾಯಿಯ ಮಾತ್ರೆ ನುಂಗುತ್ತಿದ್ದಾರೋ ಅದನ್ನೇ ಕೆರಳಿಸುವ ಮದ್ದು ಇದು! ಅಮೃತಬಳ್ಳಿ ಕುಡಿದು ಯಕೃತ್ತಿಗೆ ತೊಂದರೆ ಮಾಡಿಕೊಂಡವರ ಬಗ್ಗೆ ಮುಂಬಯಿಯ ವೈದ್ಯರು 2021ರಲ್ಲಿ ವರದಿ ಮಾಡಿದ್ದಾರೆ. ಕಲೋಂಜಿಯ ಮಹತ್ವ ನಮಗೆಲ್ಲ ಗೊತ್ತು. ಉಪ್ಪಿನಕಾಯಿಗೆ ನಾಲ್ಕು ಕಾಳು ಹಾಕುವುದು ಬೇರೆ, ದಿನವೂ ಚಮಚಗಟ್ಟಲೆ ಎಣ್ಣೆ ಕುಡಿಯುವುದು ಬೇರೆ. ಕಸಿ ಪಡೆದವರು ವೈದ್ಯರನ್ನು ಕೇಳದೆ ಎರಡನೆಯದನ್ನು ಮಾಡಕೂಡದು.

ಚಕ್ಕೋತ ಹಣ್ಣೂ ಬೇಡ. ಅದರ ಜಾತಿಯ ಹಣ್ಣುಗಳು ಟ್ಯಾಕ್ರೋಲಿಮಸ್, ಸೈಕ್ಲೋಸ್ಪೋರಿನ್ ಮಾತ್ರೆಗಳ ಪ್ರಮಾಣವನ್ನು ರಕ್ತದಲ್ಲಿ ಏರಿಸಿಬಿಡುತ್ತವೆ. ಎರಿತ್ರೋಮೈಸಿನ್‌ನಂಥ ಕೆಲವು ಆ್ಯಂಟಿಬಯೋಟಿಕ್‌ಗಳು, ಫ್ಲುಕೊನಜೋಲ್ ಕೂಡ ಹಾಗೆಯೇ. ಭೇದಿಯಾದಾಗಲೂ ಟ್ಯಾಕ್ರೋಲಿಮಸ್ ರಕ್ತದಲ್ಲಿ ಏರುತ್ತದೆ. ಚಹಾದ ಕಪ್ಪು ಹಿಡಿದ ಕೈ ನಡುಗತೊಡಗಿದರೆ ಅದು ಬರೀ ಮುಪ್ಪಿನ ನಡುಕವೆಂದು ಬಿಡಬಾರದು. ಇನ್ನು ಸೊಂಟನೋವು, ಮಂಡಿನೋವಿಗೆ ಕೊಡುವ ಡೈಕ್ಲೋಫೆನಾಕ್‌ನಂಥ ನೋವಿನ ಇಂಜೆಕ್ಷನ್, ಮಾತ್ರೆಗಳು ಕಿಡ್ನಿಗೆ ನೇರ ಪೆಟ್ಟು. ಆವತ್ತು ಖಾಲಾಗೆ ಆದದ್ದೂ ಅದೇ. 1.3 ಇದ್ದ ಕ್ರಿಯಾಟಿನಿನ್ 2.4ಕ್ಕೆ ಏರಿತ್ತು. ಕ್ಲಿನಿಕ್ಕಿನವರನ್ನು ಮಾತ್ರ ದೂರಿ ಫಲವಿಲ್ಲ. ಕಸಿಯಾಗಿದೆ ಎಂದು ನಮ್ಮವರೂ ಹೇಳಿರಲಿಲ್ಲ.

ವಯಸ್ಸಾದಂತೆ ದೇಹ ಔಷಧವನ್ನು ಕರಗಿಸುವುದು ನಿಧಾನವಾಗುತ್ತದೆ. ನಲವತ್ತರಲ್ಲಿ ಸರಿಯಾಗಿದ್ದ ಪ್ರಮಾಣ ಎಪ್ಪತ್ತರಲ್ಲಿ ಹೆಚ್ಚಾಗಬಹುದು. ಹಾಗಾಗಿ ವೈದ್ಯರು ಮಾತ್ರೆಯನ್ನು ಹಂತಹಂತವಾಗಿ ಇಳಿಸುವುದುಂಟು. ಇದನ್ನು ಕೇಳಿ ಕೆಲವರು "ಇಪ್ಪತ್ತು ವರ್ಷ ಏನೂ ಆಗಿಲ್ಲ, ಇನ್ನು ಯಾಕೆ?" ಎಂದು ತಾವೇ ನಿಲ್ಲಿಸಿಬಿಡುತ್ತಾರೆ. ದುಬಾರಿ ಎಂದು ದಿನ ಬಿಟ್ಟು ದಿನ ನುಂಗುವವರೂ ಇದ್ದಾರೆ. ಮುದಿ ಕಾವಲುಗಾರ ತೂಕಡಿಸುತ್ತಿದ್ದಾನೆಯೇ ಹೊರತು ಸತ್ತಿಲ್ಲ. ಹಗ್ಗ ಬಿಟ್ಟರೆ ಏಳುತ್ತಾನೆ. ಬಹಳ ವರ್ಷ ನುಂಗಿದ ಸ್ಟೀರಾಯ್ಡನ್ನು ದಿಢೀರನೆ ಬಿಟ್ಟರಂತೂ ಪ್ರಾಣಕ್ಕೇ ಅಪಾಯ. ಎಷ್ಟು ಇಳಿಸಬೇಕೆಂದು ಹೇಳುವುದು ರಕ್ತಪರೀಕ್ಷೆ. ಅದಕ್ಕೆ ರಕ್ತ ಕೊಡಬೇಕಾದದ್ದು ಬೆಳಗಿನ ಮಾತ್ರೆ ನುಂಗುವ ಮೊದಲು. ಮೊದಲ ಸಲ ಖಾಲಾ ನಸುಕಿನ ರೈಲಿನಲ್ಲಿ ತರೀಕೆರೆಯಿಂದ ಬೀರೂರು, ಕಡೂರು ದಾಟಿ ಬೆಂಗಳೂರಿಗೆ ಹೋಗುವಾಗ ದಾರಿಯಲ್ಲೇ ಮಾತ್ರೆ ನುಂಗಿ, ಪರೀಕ್ಷೆ ಕೆಟ್ಟು, ಒಂದು ರಾತ್ರಿ ಅಲ್ಲೇ ಉಳಿಯಬೇಕಾಯಿತು. ಈಗ ಡಬ್ಬಿ ನನ್ನ ಕೈಚೀಲದಲ್ಲಿರುತ್ತದೆ. ಕಡೂರಿನಲ್ಲಿ ನಾನು ಹತ್ತಿಕೊಳ್ಳುವವರೆಗೆ ಅವರಿಗೆ ಮಾತ್ರೆಯೂ ಇಲ್ಲ, ಚಹಾವೂ ಇಲ್ಲ.

ಮನೆ, ಹೊಲ, ಪಾರಿವಾಳ

ಅಜ್ಜಂಪುರದಲ್ಲಿ ಮಾಮುವಿನ ಮನೆಯ ಪಕ್ಕದಲ್ಲೇ ಈರುಳ್ಳಿ ಶೆಡ್ಡು. ಮಳೆಗಾಲದಲ್ಲಿ ಕೊಳೆತ ಈರುಳ್ಳಿಯ ಮೇಲೆ ಕಪ್ಪು ಬೂಷ್ಟು ಕಟ್ಟುತ್ತದೆ. ನಮಗೆ ನಿಮಗೆ ಅದು ಸೀನು ತರಿಸಿ ಹೋಗುತ್ತದೆ. ಕಾವಲು ಸಡಿಲವಾದವರ ಶ್ವಾಸಕೋಶದಲ್ಲಿ ಬೂಷ್ಟು ಬೇರೂರಬಲ್ಲುದು. ಹಳೇ ಹುಲ್ಲಿನ ಬಣವೆ, ಗೊಬ್ಬರದ ಗುಂಡಿ ಕೆದಕುವ ದೂಳೂ ಹಾಗೆಯೇ. ಖಾಲಾ ತವರಿಗೆ ಹೋದರೆ ಈರುಳ್ಳಿ ಆಯಲು ಕೂರುತ್ತಿದ್ದರು. ಈಗ ಕೂರುವುದಿಲ್ಲ. ಮೊಮ್ಮಗ ಸಾಕಿದ್ದ ಪಾರಿವಾಳಗಳನ್ನೂ ಬೇರೆ ಮನೆಗೆ ಕೊಡಬೇಕಾಯಿತು. ಪಾರಿವಾಳದ ಹಿಕ್ಕೆಯಲ್ಲಿರುವ ಒಂದು ಶಿಲೀಂಧ್ರ ಮೆದುಳಿಗೆ ಹೋಗಿ ಕೂರಬಲ್ಲುದು. ಹುಡುಗ ಎರಡು ದಿನ ಅತ್ತ.

ಕರೆದ ಹಸಿ ಹಾಲು, ಅರೆಬೆಂದ ಮೊಟ್ಟೆ, ಹೊರಗಿನ ಹಸಿ ಕೋಸಂಬರಿ ಬೇಡ. ಬಕ್ರೀದಿನಂದು ಹಸಿ ಮಾಂಸ ತೊಳೆಯುವ ಕೆಲಸ ಬೇರೆಯವರು ಮಾಡಲಿ. ನೀರು ಕುದಿಸಿ ಆರಿಸಿದ್ದು.

ಲಸಿಕೆಯ ಬಗ್ಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಜೀವಂತ ರೋಗಾಣುವಿರುವ ಲಸಿಕೆಗಳು ಕಸಿ ಪಡೆದವರಿಗೆ ನಿಷಿದ್ಧ. ಜೀವಂತವಲ್ಲದ ಫ್ಲೂ ಲಸಿಕೆಯನ್ನು ವರ್ಷಕ್ಕೊಮ್ಮೆ, ನ್ಯುಮೋನಿಯಾ ಲಸಿಕೆಯನ್ನು ವೈದ್ಯರು ಹೇಳಿದಂತೆ ಹಾಕಿಸಬಹುದು. ಜೀವಂತವಲ್ಲದ ಸರ್ಪಸುತ್ತಿನ ಲಸಿಕೆಯೂ 2023ರಿಂದ ನಮ್ಮ ದೇಶದಲ್ಲಿ ಸಿಗುತ್ತಿದೆ, ಬೆಲೆ ಮಾತ್ರ ಹೆಚ್ಚು. ಹಿರಿಯರ ದೇಹ ಲಸಿಕೆಗೆ ಅರೆಬರೆಯಾಗಿ ಓಗೊಡುವುದರಿಂದ ಮನೆಯ ಉಳಿದವರೂ ಹಾಕಿಸಿಕೊಂಡರೆ ಅವರ ಸುತ್ತ ಬೇಲಿ ಕಟ್ಟಿದಂತೆ. ಹಜ್ಜ್ ಅಥವಾ ಉಮ್ರಾ ಯಾತ್ರೆಗೆ ಹೊರಡುವವರು ತಿಂಗಳುಗಳ ಮೊದಲೇ ಕಸಿಯ ವೈದ್ಯರ ಬಳಿ ಮಾತಾಡಬೇಕು.

ರಮಝಾನ್

ಟ್ಯಾಕ್ರೋಲಿಮಸ್ ಹನ್ನೆರಡು ಗಂಟೆಗೊಮ್ಮೆ. ನಮ್ಮ ಕಡೆ ಸಹರಿಯಿಂದ ಇಫ್ತಾರಿಗೆ ಹದಿಮೂರು ಗಂಟೆಯ ಮೇಲಾಗುತ್ತದೆ. ಕಿಡ್ನಿ ಹಲವು ವರ್ಷ ಸ್ಥಿರವಾಗಿರುವ, ಬೇರೆ ಕಾಯಿಲೆಯಿಲ್ಲದ ಕೆಲವರಿಗೆ ವೈದ್ಯರು ಪರೀಕ್ಷೆ ಮಾಡಿ ಉಪವಾಸಕ್ಕೆ ಒಪ್ಪುವುದುಂಟು. ಖಾಲಾ ಐವತ್ತರ ಆಸುಪಾಸಿನಲ್ಲಿ ಕೆಲವು ವರ್ಷ ವೈದ್ಯರ ಒಪ್ಪಿಗೆಯಿಂದಲೇ ಉಪವಾಸ ಹಿಡಿದರು. ಅರವತ್ತು ದಾಟಿದ ಮೇಲೆ ಸಕ್ಕರೆ ಕಾಯಿಲೆಯೂ ಬಂತು. ಸ್ಟೀರಾಯ್ಡ್, ಟ್ಯಾಕ್ರೋಲಿಮಸ್ ಎರಡೂ ಸಕ್ಕರೆ ಏರಿಸುತ್ತವೆ. ವೈದ್ಯರು ಬೇಡವೆಂದರು. ಆ ವರ್ಷ ಮೊದಲ ಸಹರಿಗೆ ಎಲ್ಲರೂ ಎದ್ದಾಗ ಖಾಲಾ ಅಡುಗೆಮನೆಯ ಮೂಲೆಯಲ್ಲಿ ಕುಳಿತು ಅಳುತ್ತಿದ್ದರು. ರೋಗಿಗೆ ಪವಿತ್ರ ಕುರ್‌ಆನ್ ಸ್ಪಷ್ಟವಾಗಿ ವಿನಾಯಿತಿ ಕೊಟ್ಟಿದೆ, ಗುಣವಾಗುವ ಭರವಸೆಯಿಲ್ಲದವರು ಫಿದ್ಯಾ ಕೊಡಬಹುದು ಎಂದು ಅವರಿಗೆ ಗೊತ್ತಿಲ್ಲದೇ ಇರಲಿಲ್ಲ. ಗೊತ್ತಿರುವುದು ಬೇರೆ, ಮನಸ್ಸು ಒಪ್ಪುವುದು ಬೇರೆ. ಈಗ ಅವರು ಇಫ್ತಾರಿಗೆ ಇಡೀ ಬೀದಿಯ ಮಕ್ಕಳಿಗೆ ಸಮೋಸ ಕರಿಯುತ್ತಾರೆ.

ಅಂಗದಾನದ ಬಗ್ಗೆ ಉಲಮಾಗಳಲ್ಲಿ ಒಮ್ಮತವಿಲ್ಲ. 1988ರಲ್ಲಿ ಜಿದ್ದಾದಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ ಷರತ್ತುಗಳೊಂದಿಗೆ ಅದಕ್ಕೆ ಅನುಮತಿ ನೀಡಿತು. ಒಪ್ಪದ ವಿದ್ವಾಂಸರೂ ಇದ್ದಾರೆ. ನಮ್ಮ ಮನೆಯಲ್ಲಿ 2003ರಲ್ಲಿ ಈ ಚರ್ಚೆ ರಾತ್ರಿಯಿಡೀ ನಡೆದಿತ್ತಂತೆ. ಬೆಳಿಗ್ಗೆ ಮಾಮು ಬಸ್ ಹತ್ತಿಬಿಟ್ಟಿದ್ದರು.

2022ರ ಸೆಪ್ಟೆಂಬರಿನಲ್ಲಿ ನಮ್ಮ ಕಡೂರು ತಾಲ್ಲೂಕಿನ ಹದಿಹರೆಯದ ವಿದ್ಯಾರ್ಥಿನಿಯೊಬ್ಬಳು ಚಿಕ್ಕಮಗಳೂರಿನಲ್ಲಿ ಬಸ್ಸಿನಿಂದ ಬಿದ್ದು, ಮೆದುಳು ನಿಷ್ಕ್ರಿಯವಾದಾಗ, ಬಡವರಾದ ತಂದೆತಾಯಿ ಅವಳ ಅಂಗಗಳನ್ನು ದಾನ ಮಾಡಿದರು. ಹೃದಯ ಹೆಲಿಕಾಪ್ಟರಿನಲ್ಲಿ ಬೆಂಗಳೂರಿಗೆ ಹೋಯಿತು. ಆ ಸುದ್ದಿ ಟಿ.ವಿ.ಯಲ್ಲಿ ಬಂದಾಗ ಖಾಲಾ ನಮ್ಮ ಮನೆಯಲ್ಲೇ ಇದ್ದರು. ಎದ್ದು ಹೋಗಿ ಎರಡು ರಕಅತ್ ನಮಾಝ್ ಮಾಡಿ ಬಂದು, "ಆ ಹೃದಯ ಸಿಕ್ಕವರು ಮಾತ್ರೆ ತಪ್ಪಿಸದೆ ನುಂಗಬೇಕು" ಎಂದರು. ಮತ್ತೇನೂ ಹೇಳಲಿಲ್ಲ.

ಬಿಪಿಎಲ್ ಕುಟುಂಬಗಳ ಕಸಿಗೆ ರಾಜ್ಯ ಸರ್ಕಾರದ ನೆರವಿದೆ. ಸರ್ಕಾರದ್ದೇ ಆದ ನೆಫ್ರೋ-ಯುರಾಲಜಿ ಸಂಸ್ಥೆ ಬೆಂಗಳೂರಿನಲ್ಲಿದೆ. ಅಂಗಕ್ಕಾಗಿ ನೋಂದಣಿ, ಹಂಚಿಕೆಗಳನ್ನು ನೋಡಿಕೊಳ್ಳುವ ಸಂಸ್ಥೆಯ ಹೆಸರು ಜೀವಸಾರ್ಥಕತೆ.

ಖಾಲಾ ಹದಿನಾರು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದರು, ಅಲ್‌ಹಮ್ದುಲಿಲ್ಲಾಹ್. ಕ್ರಿಯಾಟಿನಿನ್ 1.6ಕ್ಕೆ ಇಳಿದು ಅಲ್ಲೇ ನಿಂತಿದೆ. ಒಂದು ಮಾತ್ರೆಯ ಪ್ರಮಾಣವನ್ನು ವೈದ್ಯರು ಅರ್ಧಕ್ಕೆ ಇಳಿಸಿದ್ದಾರೆ. ತಮಗೆ ಕಸಿಯಾಗಿದೆ, ಇಂತಿಂಥ ಔಷಧ ಕೊಡಕೂಡದು ಎಂದು ಕನ್ನಡದಲ್ಲಿ ಬರೆದ ಒಂದು ಚೀಟಿಗೆ ಪ್ಲಾಸ್ಟಿಕ್ ಹಾಕಿಸಿ ಬುರ್ಖಾದ ಜೇಬಿನಲ್ಲಿಟ್ಟುಕೊಂಡಿದ್ದಾರೆ.

ಕಳೆದ ಸಲ ಅಜ್ಜಂಪುರಕ್ಕೆ ಹೋದಾಗ ಖಾಲಾ ಮಾಮುವನ್ನು ಹಿಡಿದು ಕೂರಿಸಿ, ಬಿ.ಪಿ. ನೋಡಿಸಿ ಎಷ್ಟು ವರ್ಷವಾಯಿತೆಂದು ಕೇಳಿದರು. ಕಿಡ್ನಿ ಕೊಟ್ಟವರೂ ವರ್ಷಕ್ಕೊಮ್ಮೆ ರಕ್ತ, ಮೂತ್ರ, ಬಿ.ಪಿ. ನೋಡಿಸಿಕೊಳ್ಳಬೇಕು. ಮಾಮು ಉತ್ತರ ಕೊಡದೆ ಶೆಡ್ಡಿನ ಕಡೆ ಹೊರಟರು. ಖಾಲಾ ಮೂಗಿಗೆ ದುಪಟ್ಟಾ ಕಟ್ಟಿಕೊಂಡು ಶೆಡ್ಡಿನ ಬಾಗಿಲವರೆಗೂ ಹಿಂದೆಯೇ ಹೋಗಿ, ಹೊರಗೆ ನಿಂತುಕೊಂಡೇ ಬೈಯತೊಡಗಿದರು. ಮರುದಿನ ಆಸ್ಪತ್ರೆಯಲ್ಲಿ ನೋಡಿದಾಗ ಮಾಮುವಿನ ಬಿ.ಪಿ. 160 ಇತ್ತು.